ಕಳ್ಳ ಮೂಲ, ಕಳೆದ ಮೂಲ

ಲಾಗ್ ಎಕ್ಸ್ + ಲಾಗ್ (ಎಕ್ಸ್ − 3) = 1. ಆಧಾರ ಸಂಖ್ಯೆ 10. ಪಿಯುಸಿ ಓದಿದವರಿಗೆಲ್ಲ ಪರಿಚಯವಿರುವ ಜಾತಿಯ ಲೆಕ್ಕ. ಎರಡು ಲಾಗ್‌ಗಳ ಮೊತ್ತವೆಂದರೆ ಗುಣಲಬ್ಧದ ಲಾಗ್; ಹಾಗಾಗಿ ಎಕ್ಸ್ (ಎಕ್ಸ್ − 3) = 10. ಅದನ್ನು ಬಿಡಿಸಿದರೆ ಎಕ್ಸ್² − 3 ಎಕ್ಸ್ − 10 = 0 ಎಂಬ ವರ್ಗ ಸಮೀಕರಣ. ಮೂಲಗಳು 5 ಮತ್ತು −2. ಐದನ್ನು ಹಾಕಿ ನೋಡಿದರೆ ತಾಳೆಯಾಗುತ್ತದೆ. −2 ಹಾಕಲು ಹೋದರೆ ಮೊದಲ ಹೆಜ್ಜೆಯಲ್ಲೇ ದಾರಿ ಮುಚ್ಚುತ್ತದೆ, ಏಕೆಂದರೆ ವಾಸ್ತವ ಸಂಖ್ಯೆಗಳಲ್ಲಿ ಋಣ ಸಂಖ್ಯೆಗೆ ಲಾಗ್ ಇಲ್ಲ.

ಮೂಡಬಿದಿರೆಯಲ್ಲಿ ಪಿಯು ಕಾಲೇಜಿಗೆ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರಿಗೂ, ಅವರ ಕೈಯಲ್ಲೇ ಕಲಿತು ಈಗ ಬೆಂಗಳೂರಿನಲ್ಲಿ ಡೇಟಾ ಎಂಜಿನಿಯರ್ ಆಗಿರುವ ಹುಡುಗಿಗೂ ನಡುವೆ ಈ ಲೆಕ್ಕದ ಮೇಲೆ ಚರ್ಚೆ ಎದ್ದಿತು. ಹುಡುಗಿಯ ತಮ್ಮ ಈಗ ಮೇಷ್ಟ್ರ ಹತ್ತಿರ ಪಾಠಕ್ಕೆ ಹೋಗುತ್ತಾನೆ. ಇಂಥ ಸಮೀಕರಣಗಳನ್ನು ಕೈಯಿಂದಲೇ ಬಿಡಿಸಬೇಕೆಂಬುದು ಮೇಷ್ಟ್ರ ಹಟ. ಆ ಹೊತ್ತನ್ನು ಬೇರೆಯದಕ್ಕೆ ಕೊಡಬೇಕೆಂಬುದು ಅವಳ ವಾದ.

ಎಂಜಿನಿಯರ್: ಸರ್, ತಮ್ಮನ ಪುಸ್ತಕ ನೋಡಿದೆ. ಒಂದೇ ನಮೂನೆಯ ಇಪ್ಪತ್ತು ಲೆಕ್ಕ ಉಂಟು. ಮೊತ್ತವನ್ನು ಗುಣಲಬ್ಧ ಮಾಡು, ವರ್ಗ ಸಮೀಕರಣ ಬಿಡಿಸು, ಋಣ ಉತ್ತರ ಹೊಡೆದುಹಾಕು. ಫೋನು ಇದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡ್ತದೆ. ಅವನು ಎಂತಕ್ಕೆ ಇಡೀ ಭಾನುವಾರ ಇದರಲ್ಲೇ ಕೂರಬೇಕು?

ಮೇಷ್ಟ್ರು: ಫೋನು ಉತ್ತರ ಕೊಡ್ತದೆ ಮಾರಾಯ್ತಿ. ಆ −2 ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತಾಗ್ತದಾ? ಅವನು ಹೆಜ್ಜೆ ತಪ್ಪಿಲ್ಲ, ಗುಣಿಸುವಾಗ ತಪ್ಪಿಲ್ಲ. ಆದರೂ ಸಲ್ಲದ ಮೂಲ ಒಂದು ಒಳಗೆ ಬಂದು ಕೂತಿದೆ. ತಪ್ಪೇ ಮಾಡದೆ ಸುಳ್ಳು ಉತ್ತರ ಬರುವುದು ಹೇಗೆ ಅಂತ ಒಬ್ಬ ಹುಡುಗ ಯೋಚನೆ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗ್ಲಿಕ್ಕಿಲ್ಲ.

ಎಂಜಿನಿಯರ್: ಹೇಗೆ ಬಂತು ಅಂತ ನೀವೇ ಹೇಳಿ.

ಮೇಷ್ಟ್ರು: ಎಕ್ಸ್ −2 ಆದರೆ ಎಕ್ಸ್ − 3 ಎಷ್ಟು? −5. ಎರಡನ್ನೂ ಗುಣಿಸು, 10. ಹತ್ತಕ್ಕೆ ಲಾಗ್ ಉಂಟು, ಅದು 1. ಆದರೆ −2ಕ್ಕೂ −5ಕ್ಕೂ ಬೇರೆ ಬೇರೆಯಾಗಿ ಲಾಗ್ ಇಲ್ಲ. ಎರಡು ಲಾಗ್‌ಗಳನ್ನು ಒಂದು ಮಾಡಿದ ಕೂಡಲೇ ನಮ್ಮ ಸಮೀಕರಣ ದೊಡ್ಡದಾಯಿತು. ‘ಎರಡೂ ಧನವಾಗಿರಬೇಕು’ ಎಂಬ ಮೊದಲಿನ ಷರತ್ತು ಹೋಗಿ ‘ಗುಣಲಬ್ಧ ಧನವಾದರೆ ಸಾಕು’ ಎಂಬ ಸಡಿಲ ಷರತ್ತು ಬಂತು. ಆ ಸಡಿಲಿನಲ್ಲಿ ನುಗ್ಗಿದ್ದು ಕಳ್ಳ ಮೂಲ.

ಅವಳು ಈ ವಿವರಣೆಯನ್ನು ಒಪ್ಪಿದಳು. ಆದರೆ ಅದನ್ನು ಅರಿಯಲು ಇಪ್ಪತ್ತು ಲೆಕ್ಕ ಬೇಕೆಂಬುದನ್ನು ಒಪ್ಪಲಿಲ್ಲ. ಅವಳ ಆಕ್ಷೇಪ ಇನ್ನೂ ಹಿಂದಕ್ಕೆ, ಲಾಗರಿದಮ್ ಹುಟ್ಟಿದ ಕಾಲಕ್ಕೇ ಹೋಗುವಂಥದ್ದು.

ಎಂಜಿನಿಯರ್: ಲಾಗರಿದಮ್ ಬಂದದ್ದೇ ಕೈ ಲೆಕ್ಕದ ಕಷ್ಟ ತಪ್ಪಿಸಲಿಕ್ಕೆ ಅಲ್ಲವಾ ಸರ್? ಎಡಿನ್‌ಬರೋ ಹತ್ತಿರದ ಮರ್ಚಿಸ್ಟನ್‌ನ ಜಾನ್ ನೇಪಿಯರ್ ಸುಮಾರು ಇಪ್ಪತ್ತು ವರ್ಷ ಕೂತು ಕೋಷ್ಟಕ ಮಾಡಿ 1614ರಲ್ಲಿ ಅಚ್ಚು ಹಾಕಿಸಿದ. ದೊಡ್ಡ ಗುಣಾಕಾರವೆಲ್ಲ ಕೂಡುವ ಲೆಕ್ಕ ಆಯಿತು. ಕೆಪ್ಲರ್ ತನ್ನ ಗ್ರಹಗಳ ಕೋಷ್ಟಕಕ್ಕೆ ಅದನ್ನೇ ಬಳಸಿ 1627ರಲ್ಲಿ ಪ್ರಕಟಿಸಿದ. ಆಮೇಲೆ ಸ್ಲೈಡ್ ರೂಲ್ ಬಂತು, ಮುನ್ನೂರು ವರ್ಷ ಎಂಜಿನಿಯರುಗಳ ಕೈಯಲ್ಲಿತ್ತು. 1972ರಲ್ಲಿ ಜೇಬಿನಲ್ಲಿಡುವ ವೈಜ್ಞಾನಿಕ ಕ್ಯಾಲ್ಕುಲೇಟರ್ ಮಾರುಕಟ್ಟೆಗೆ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಸ್ಲೈಡ್ ರೂಲ್ ಮೂಲೆ ಸೇರಿತು. ಆ ಉಪಕರಣವೇ ನಿವೃತ್ತಿಯಾದ ಮೇಲೆ ಅದರ ಕಸರತ್ತು ಮಾತ್ರ ಯಾಕೆ ಉಳಿಯಬೇಕು?

ಮೇಷ್ಟ್ರು: ಕೋಷ್ಟಕ ನಿವೃತ್ತಿಯಾಯಿತು, ನಿಯಮ ಆಗಿಲ್ಲ. ನೇಪಿಯರ್‌ನ ಮೊದಲ ಕೋಷ್ಟಕದಲ್ಲಿ ನಾವು ಹೇಳುವ ನಿಯಮ ಇಷ್ಟು ಸ್ವಚ್ಛವಾಗಿ ಇರಲೇ ಇಲ್ಲ. ಅವನಲ್ಲಿ ಒಂದು ಕೋಟಿಯ ಲಾಗ್ ಸೊನ್ನೆ. ಆದ್ದರಿಂದ ಎರಡು ಲಾಗ್ ಕೂಡಿಸಿದ ಮೇಲೆ ಮತ್ತೊಂದು ಸ್ಥಿರ ಸಂಖ್ಯೆಯನ್ನು ಕಳೆಯಬೇಕಿತ್ತು. 1615ರಲ್ಲಿ ಲಂಡನ್ನಿನಿಂದ ಹೆನ್ರಿ ಬ್ರಿಗ್ಸ್ ಅವನನ್ನು ನೋಡಲಿಕ್ಕೆ ಹೋದ. ಇಬ್ಬರೂ ಕೂತು ಮಾತಾಡಿ ‘ಒಂದರ ಲಾಗ್ ಸೊನ್ನೆಯಾಗಲಿ, ಹತ್ತು ಆಧಾರವಾಗಲಿ’ ಅಂತ ತೀರ್ಮಾನಕ್ಕೆ ಬಂದರು. 1617ರಲ್ಲಿ ನೇಪಿಯರ್ ತೀರಿಹೋದ. ಅದೇ ವರ್ಷ ಬ್ರಿಗ್ಸ್ ಒಂದರಿಂದ ಸಾವಿರದವರೆಗಿನ ಸಂಖ್ಯೆಗಳಿಗೆ 14 ದಶಮಾಂಶದ ಕೋಷ್ಟಕ ತಂದ. ಅಂದರೆ ಕೋಷ್ಟಕ ಮೊದಲು ಬಂತು, ಚಂದದ ನಿಯಮ ಆಮೇಲೆ. ನಿಯಮವನ್ನು ಯಾರೋ ಯೋಚನೆ ಮಾಡಿ ಗಳಿಸಿದ್ದು. ಮಕ್ಕಳೂ ಅದನ್ನು ಹಾಗೆಯೇ ಗಳಿಸಬೇಕು.

ಎಂಜಿನಿಯರ್: ಗಳಿಸಲಿ. ಆದರೆ ಅದು ಲೆಕ್ಕದ ಉಪಕರಣ ಅನ್ನುವ ನನ್ನ ಮಾತು ಹಾಗೇ ಉಳೀತು.

ಮೇಷ್ಟ್ರು: ಉಳಿಯುವುದಿಲ್ಲ. ನಮ್ಮ ಊರಿನ ಬಸದಿಯಲ್ಲೇ ಅದಕ್ಕೆ ಉತ್ತರ ಇತ್ತು.

ಮೇಷ್ಟ್ರು ಹೇಳಿದ್ದು ಧವಲಾ ಟೀಕೆಯ ವಿಷಯ. ಜೈನ ಗ್ರಂಥವಾದ ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದು 816ರಲ್ಲಿ ಮುಗಿಸಿದ ಈ ಟೀಕೆ, ಮೂಡಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದಿತು. ಆ ಗ್ರಂಥದಲ್ಲಿ ‘ಅರ್ಧಚ್ಛೇದ’ ಎಂಬ ಪರಿಕಲ್ಪನೆಯಿದೆ: ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ. 32ರ ಅರ್ಧಚ್ಛೇದ 5, ಎಂಟರದು 3. ಎರಡನ್ನೂ ಗುಣಿಸಿದರೆ 256, ಅದರ ಅರ್ಧಚ್ಛೇದ 8. ಗುಣಲಬ್ಧಕ್ಕೆ ಮೊತ್ತ, ಭಾಗಲಬ್ಧಕ್ಕೆ ವ್ಯತ್ಯಾಸ ಎಂಬ ಎರಡು ನಿಯಮಗಳೂ ಅಲ್ಲಿವೆ. ಮೂರರಿಂದ ಭಾಗಿಸುವ ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದಗಳೂ ಇವೆ.

ಎಂಜಿನಿಯರ್: ಚಂದ ಉಂಟು ಸರ್. ಆದರೆ ‘ನೇಪಿಯರ್‌ಗಿಂತ 800 ವರ್ಷ ಮೊದಲೇ ನಮ್ಮವರು ಮಾಡಿದ್ದರು’ ಅಂತ ಮಾತು ಮುಗಿಸಬೇಡಿ. ಅರ್ಧಚ್ಛೇದದಲ್ಲಿ ಎಣಿಕೆ ಪೂರ್ಣ ಸಂಖ್ಯೆಗಳಲ್ಲಿ ಇದ್ದದ್ದು. 7ರ ಲಾಗ್ ಎಷ್ಟು ಎನ್ನುವ ಕೋಷ್ಟಕ ಅಲ್ಲಿಲ್ಲ, ಅದರಿಂದ ಯಾರೂ ಗುಣಾಕಾರ ಸುಲಭ ಮಾಡಿಕೊಳ್ಳಲಿಲ್ಲ.

ಮೇಷ್ಟ್ರು: ಅದೇ ನನಗೆ ಬೇಕಾದದ್ದು! ಕೋಷ್ಟಕ ಇಲ್ಲ, ಗುಣಾಕಾರ ಸುಲಭ ಮಾಡುವ ಆಸೆ ಇಲ್ಲ, ಆದರೂ ನಿಯಮ ಕಂಡಿದೆ. ಲೋಕದ ಅಳತೆಯಂಥ ಬೃಹತ್ ಸಂಖ್ಯೆಗಳನ್ನು ಮನಸ್ಸಿನಲ್ಲಿ ಹಿಡಿಯಲಿಕ್ಕೆ ಅವರಿಗೆ ಅದು ಬೇಕಿತ್ತು. ಹಾಗಾದರೆ ಲಾಗ್ ಬರೀ ಲೆಕ್ಕದ ಉಪಕರಣ ಹೇಗಾಯಿತು?

ಅವಳು ಒಂದು ಕ್ಷಣ ಸುಮ್ಮನಾದಳು. ಹತ್ತು ಲಕ್ಷ ದಾಖಲೆಗಳನ್ನು ಕ್ರಮವಾಗಿ ಜೋಡಿಸಿಟ್ಟರೆ ಅದರಲ್ಲಿ ಒಂದನ್ನು ಅರ್ಧ ಅರ್ಧ ಮಾಡುತ್ತಾ ಹುಡುಕಲು ಇಪ್ಪತ್ತು ಹೆಜ್ಜೆ ಸಾಕು ಎಂಬುದು ಅವಳ ದಿನನಿತ್ಯದ ಕೆಲಸ. ಅದು ಅರ್ಧಚ್ಛೇದವೇ. ಅಷ್ಟನ್ನು ಒಪ್ಪಿಕೊಂಡು ಚರ್ಚೆಯನ್ನು ಸಮೀಕರಣಕ್ಕೆ ಮರಳಿ ತಂದಳು.

ಎಂಜಿನಿಯರ್: ಸರಿ, ನಿಯಮ ಇರಲಿ. ಸಮೀಕರಣ ಬಿಡಿಸುವ ಕಸರತ್ತು ಯಾಕೆ? ನಿಜವಾದ ಬದುಕಿನ ಒಂದು ಸಮೀಕರಣ ಹೇಳಿ.

ಮೇಷ್ಟ್ರು: ಬ್ಯಾಂಕಿನಲ್ಲಿ ಒಂದು ಲಕ್ಷ ಇಟ್ಟೆ. ಬಡ್ಡಿ ಶೇಕಡ 7, ವರ್ಷಕ್ಕೊಮ್ಮೆ ಅಸಲಿಗೆ ಸೇರ್ತದೆ. ಎಷ್ಟು ವರ್ಷಕ್ಕೆ ಎರಡು ಲಕ್ಷ? 1.07ರ ಎನ್ ಘಾತ 2 ಆಗಬೇಕು. ಇಲ್ಲಿ ಗೊತ್ತಿಲ್ಲದ ಸಂಖ್ಯೆ ಮೇಲೆ, ಘಾತಾಂಕದಲ್ಲಿ ಕೂತಿದೆ. ಕೂಡಿ, ಕಳೆದು, ಗುಣಿಸಿ, ಭಾಗಿಸಿ, ಎಂತ ಮಾಡಿದರೂ ಅದು ಕೆಳಗೆ ಇಳಿಯುವುದಿಲ್ಲ. ಎರಡೂ ಕಡೆ ಲಾಗ್ ತೆಗೆದುಕೊಂಡರೆ ಎನ್ ಕೆಳಗೆ ಬರ್ತದೆ: ಎನ್ × ಲಾಗ್ 1.07 = ಲಾಗ್ 2. ಲಾಗ್ ನೋಡಲಿಕ್ಕೆ ಕ್ಲಾರ್ಕ್ಸ್ ಟೇಬಲ್ ತೆಗಿ. 0.3010 ಭಾಗಿಸು 0.0294. ಹತ್ತು ವರ್ಷ, ಮೂರು ತಿಂಗಳು.

ಎಂಜಿನಿಯರ್: ನನ್ನ ಅಪ್ಪ ಲಾಗ್ ಇಲ್ಲದೇ ಹೇಳ್ತಾರೆ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಆಯಿತು. 72 ಭಾಗ 7, ಹತ್ತು ಚಿಲ್ಲರೆ.

ಮೇಷ್ಟ್ರು: ಆ 72 ಎಲ್ಲಿಂದ ಬಂತು ಕೇಳು. 2ರ ಸಹಜ ಲಾಗ್ 0.693. ಬಡ್ಡಿ ತೀರಾ ಸಣ್ಣದಾದರೆ 69.3ನ್ನು ಭಾಗಿಸಬೇಕು. ಶೇಕಡ 8ರ ಹತ್ತಿರ ಬಂದಾಗ 72 ಸರಿಯಾಗಿ ಹೊಂದ್ತದೆ: 1.08ಕ್ಕೆ ನಿಜವಾದ ಉತ್ತರ 9.006 ವರ್ಷ, 72 ಭಾಗ 8 ಅಂದರೆ 9. ಸುಲಭವಾಗಿ ಭಾಗವಾಗುವ ಸಂಖ್ಯೆ ಅಂತ 72 ನಿಂತಿತು. ಅದೇ ಸೂತ್ರವನ್ನು ಶೇಕಡ 50ಕ್ಕೆ ಹಾಕು, 1.44 ವರ್ಷ ಅನ್ನುತ್ತದೆ. ಲಾಗ್ ಹಾಕಿದರೆ 1.71. ಅಡ್ಡದಾರಿ ಎಲ್ಲಿಯವರೆಗೆ ಸರಿ ಅಂತ ಹೇಳುವುದು ಸಮೀಕರಣ.

ಎಂಜಿನಿಯರ್: ಇಲ್ಲಿ ನೀವು ಮಾಡಿದ್ದು ನನಗಿಷ್ಟ. ಹಣದಿಂದ ಶುರು ಮಾಡಿ ಸಮೀಕರಣ ಕಟ್ಟಿದಿರಿ. ತಮ್ಮನ ಪುಸ್ತಕದ ಇಪ್ಪತ್ತರಲ್ಲಿ ಇಂಥದ್ದು ಒಂದೂ ಇಲ್ಲ. ಅವನಿಗೆ ಭೂಕಂಪದ ಲೆಕ್ಕ ಕೊಡಿ. 1993ರ ಕಿಲ್ಲಾರಿ ಭೂಕಂಪ 6.2, ನಮ್ಮ ಬೀದರ, ಕಲಬುರಗಿ ಕಡೆಯೂ ನಡುಗಿತ್ತು. 2001ರ ಭುಜ್ ಭೂಕಂಪ 7.7. ವ್ಯತ್ಯಾಸ ಬರೀ ಒಂದೂವರೆ ಅಂತ ಕಾಣ್ತದೆ. ಶಕ್ತಿಯ ಲಾಗ್ ತೀವ್ರತೆಯ ಒಂದೂವರೆ ಪಟ್ಟು ಏರ್ತದೆ. ಹಾಗಾಗಿ ಲಾಗ್‌ಗಳ ವ್ಯತ್ಯಾಸ 2.25. ಹತ್ತರ 2.25 ಘಾತ ಅಂದರೆ ಸುಮಾರು 178. ಭುಜ್‌ನಲ್ಲಿ ಹೊರಬಿದ್ದ ಶಕ್ತಿ ಕಿಲ್ಲಾರಿಯ 178 ಪಟ್ಟು. ಇದನ್ನು ಕಂಡ ಹುಡುಗ ಪೇಪರಿನಲ್ಲಿ ರಿಕ್ಟರ್ ಅಂಕಿ ಓದುವ ರೀತಿಯೇ ಬದಲಾಗ್ತದೆ. ಫೋನಿನಲ್ಲಿ ಘಾತ ತೆಗೆದರೂ ಅದರ ಅರ್ಥ ಕಮ್ಮಿ ಆಗುವುದಿಲ್ಲ.

ಮೇಷ್ಟ್ರು: ಕೊಡ್ತೇನೆ. ಆದರೆ ಎರಡು ಶಕ್ತಿಗಳ ಅನುಪಾತ ಲಾಗ್‌ಗಳ ವ್ಯತ್ಯಾಸವಾಯಿತು ಅಂತ ನಿನಗೆ ಯೋಚನೆ ಮಾಡದೆ ಹೊಳೆಯಿತು. ಆ ಹೊಳೆಯುವಿಕೆ ನೀನು ಬರೆದ ಇಪ್ಪತ್ತು ಲೆಕ್ಕದಿಂದ ಬಂದದ್ದು.

ಇದಕ್ಕೆ ಅವಳ ಬಳಿ ನೇರ ಉತ್ತರ ಇರಲಿಲ್ಲ. ಬದಲಿಗೆ ಒಂದು ಕಾಗದದ ಮೇಲೆ ಹೊಸ ಸಮೀಕರಣ ಬರೆದು ಮೇಷ್ಟ್ರ ಮುಂದಿಟ್ಟಳು: ಲಾಗ್ (ಎಕ್ಸ್²) = 4.

ಎಂಜಿನಿಯರ್: ಘಾತದ ನಿಯಮ ಹಾಕಿ ಬಿಡಿಸಿ.

ಮೇಷ್ಟ್ರು: 2 ಲಾಗ್ ಎಕ್ಸ್ = 4, ಲಾಗ್ ಎಕ್ಸ್ = 2, ಎಕ್ಸ್ = 100. ನೀನು ಎಲ್ಲಿಗೆ ಬರ್ತಿದ್ದೀ ಅಂತ ಗೊತ್ತಾಯಿತು.

ಎಂಜಿನಿಯರ್: −100 ಎಲ್ಲಿ ಹೋಯಿತು? ಅದರ ವರ್ಗ 10,000, ಅದರ ಲಾಗ್ 4. ಅದು ಸಾಚಾ ಮೂಲ. ನಿಯಮ ಹಾಕಿದ ಕೂಡಲೇ ಕಳೆದುಹೋಯಿತು. ಫೋನಿಗೆ ಕೊಟ್ಟರೆ, ಇಲ್ಲ ನಕ್ಷೆ ಬರೆದು ನೋಡಿದರೆ ಎರಡೂ ಸಿಗ್ತವೆ. ಕಳ್ಳ ಮೂಲವನ್ನು ಪರೀಕ್ಷೆ ಮಾಡಿ ಹಿಡಿಯಬಹುದು, ಕೈಯಲ್ಲಿ ಉಂಟಲ್ಲ. ಕಳೆದುಹೋದ ಮೂಲವನ್ನು ಪರೀಕ್ಷೆ ಮಾಡುವುದಾದರೂ ಹೇಗೆ? ಅದು ಪುಸ್ತಕದಲ್ಲೇ ಇಲ್ಲ.

ಮೇಷ್ಟ್ರು: ಅದಕ್ಕೆ 2 ಲಾಗ್ ಎಕ್ಸ್ ಅಂತ ಬರೆಯಬಾರದು. ಎಕ್ಸ್‌ನ ನಿರಪೇಕ್ಷ ಮೌಲ್ಯದ ಲಾಗ್‌ನ ಎರಡು ಪಟ್ಟು ಅಂತ ಬರೆಯಬೇಕು. ಇದು ದೊಡ್ಡವರಿಗೂ ತೊಡಕಾಗಿತ್ತು. 1712–13ರಲ್ಲಿ ಲೈಬ್ನಿಟ್ಸ್‌ಗೂ ಯೋಹಾನ್ ಬೆರ್ನೌಲಿಗೂ ಪತ್ರಗಳಲ್ಲಿ ವಾದ ನಡೆದದ್ದೇ ಇದರ ಮೇಲೆ. −1ರ ವರ್ಗ 1. ಒಂದರ ಲಾಗ್ ಸೊನ್ನೆ. ಘಾತದ ನಿಯಮ ಹಾಕಿದರೆ −1ರ ಲಾಗೂ ಸೊನ್ನೆ ಆಗಬೇಕು ಅಂತ ಬೆರ್ನೌಲಿಯ ಕಡೆ. ಋಣ ಸಂಖ್ಯೆಗೆ ವಾಸ್ತವ ಲಾಗ್ ಇರಲಾರದು ಅಂತ ಲೈಬ್ನಿಟ್ಸ್. 1740ರ ದಶಕದ ಕೊನೆಗೆ ಆಯ್ಲರ್ ಅದನ್ನು ಬಿಡಿಸಿದ. ಋಣ ಸಂಖ್ಯೆಗೆ ಒಂದಲ್ಲ, ಲೆಕ್ಕವಿಲ್ಲದಷ್ಟು ಲಾಗ್‌ಗಳಿವೆ, ಎಲ್ಲವೂ ಮಿಶ್ರ ಸಂಖ್ಯೆಗಳು ಅಂತ ತೋರಿಸಿದ.

ಎಂಜಿನಿಯರ್: ಬೆರ್ನೌಲಿಯಂಥವರೇ ಮುಗ್ಗರಿಸಿದ ಜಾಗ. ನಾವು ಹದಿನಾರರ ಹುಡುಗನಿಗೆ ‘ಎಕ್ಸ್‌ನ ಎನ್ ಘಾತದ ಲಾಗ್ ಎಂದರೆ ಎನ್ ಲಾಗ್ ಎಕ್ಸ್’ ಅಂತ ಒಂದು ಸಾಲು ಬಾಯಿಪಾಠ ಮಾಡಿಸಿ ಕಳಿಸ್ತೇವೆ.

ಮೇಷ್ಟ್ರು: ಈ ಮಾತಿಗೆ ನಾನು ಎದುರಿಲ್ಲ. ಕೂಡಿಸಿ ಒಂದು ಮಾಡಿದರೆ ಸಮೀಕರಣದ ಬೇಲಿ ಹಿಗ್ಗುತ್ತದೆ, ಕಳ್ಳ ಮೂಲ ಬರ್ತದೆ. ಒಡೆದು ಬಿಡಿಸಿದರೆ ಬೇಲಿ ಕುಗ್ಗುತ್ತದೆ, ಸಾಚಾ ಮೂಲ ಹೊರಗೆ ಉಳೀತದೆ. ನಿಯಮ ಒಂದೇ, ಎಡದಿಂದ ಬಲಕ್ಕೆ ಹೋದರೆ ಒಂದು ಅಪಾಯ, ಬಲದಿಂದ ಎಡಕ್ಕೆ ಬಂದರೆ ಇನ್ನೊಂದು. ಇದನ್ನು ಬೋರ್ಡಿನ ಮೇಲೆ ಇಷ್ಟು ಬಿಡಿಸಿ ಹೇಳಬೇಕು.

ಇಲ್ಲಿ ಇಬ್ಬರೂ ಒಂದೇ ಕಡೆ ನಿಂತಂತೆ ಕಂಡರೂ ಅದು ಹೆಚ್ಚು ಹೊತ್ತು ಇರಲಿಲ್ಲ. ವಿದ್ಯಾರ್ಥಿಗಳು ಮಾಡುವ ಅತಿ ಸಾಮಾನ್ಯ ತಪ್ಪಿನ ವಿಷಯ ಬಂತು: ಲಾಗ್ (ಎ + ಬಿ) ಎಂದರೆ ಲಾಗ್ ಎ + ಲಾಗ್ ಬಿ ಎಂದು ಬರೆಯುವುದು. ಎರಡು ಮತ್ತು ಎರಡನ್ನು ಹಾಕಿ ಪರೀಕ್ಷಿಸಿದವನಿಗೆ ಆ ತಪ್ಪು ಸರಿಯೆಂದೇ ಕಾಣುತ್ತದೆ, ಏಕೆಂದರೆ 2 + 2 ಮತ್ತು 2 × 2 ಎರಡೂ ನಾಲ್ಕು. ಮೂರು ಮತ್ತು ಒಂದೂವರೆಗೂ ಹಾಗೇ ಹೊಂದುತ್ತದೆ. ಮೂರು ಮತ್ತು ಎರಡನ್ನು ಹಾಕಿದಾಗಲೇ ಬಿರುಕು ಕಾಣುವುದು.

ಎಂಜಿನಿಯರ್: ನಮ್ಮ ಕೆಲಸದಲ್ಲಿ ಇದು ದಿನವೂ ಎದುರಾಗ್ತದೆ. ಸಾವಿರ ಪದಗಳ ಒಂದು ಬರಹ, ಪ್ರತಿ ಪದದ ಸಂಭವನೀಯತೆ ನೂರರಲ್ಲಿ ಒಂದು ಅಂತ ಇಟ್ಟುಕೊಳ್ಳಿ. ಎಲ್ಲ ಗುಣಿಸಿದರೆ ಹತ್ತರ −2000 ಘಾತ. ಕಂಪ್ಯೂಟರಿನ ಸಾಮಾನ್ಯ ದಶಮಾಂಶ ಸಂಖ್ಯೆ ಹತ್ತರ −308 ಘಾತದ ಆಸುಪಾಸಿನವರೆಗೆ ಮಾತ್ರ ಹೋಗ್ತದೆ. ಅದಕ್ಕಿಂತ ಬಹಳ ಕೆಳಗೆ ಹೋದದ್ದೆಲ್ಲ ಸೊನ್ನೆ. ಲಾಗ್ ತೆಗೆದು ಕೂಡಿಸಿದರೆ ಬರೀ −2000, ಏನೂ ತೊಂದರೆ ಇಲ್ಲ.

ಮೇಷ್ಟ್ರು: ನೋಡು! ನೇಪಿಯರ್ ಮಾಡಿದ್ದೇ ಅದು. ಗುಣಾಕಾರ ತಡೆಯಲಾಗದಾಗ ಕೂಡುವುದಕ್ಕೆ ಬಂದ. ನಿನ್ನ ಯಂತ್ರವೂ ಅಲ್ಲಿಗೇ ಬಂತು.

ಎಂಜಿನಿಯರ್: ಬಂತು. ಆದರೆ ಸಂಭವನೀಯತೆಗಳನ್ನು ಕೂಡಿಸಬೇಕಾದಾಗ ನಿಯಮ ಕೈ ಕೊಡ್ತದೆ. ಆಗ ಎರಡರಲ್ಲಿ ದೊಡ್ಡದನ್ನು ಹೊರಗೆ ತೆಗೆದು ಲಾಗ್ ಎ + ಲಾಗ್ (1 + ಬಿ ಭಾಗ ಎ) ಅಂತ ಮಾಡ್ತೇವೆ. ಈ ಉಪಾಯ ಯಾವ ಪಿಯು ಲೆಕ್ಕದಲ್ಲೂ ನನಗೆ ಸಿಗಲಿಲ್ಲ. ನಿಯಮ ನಡೆಯುವ ಲೆಕ್ಕ ಮಾತ್ರ ಆಯ್ದು ಕೊಟ್ಟದ್ದರಿಂದ, ನಡೆಯದ ಕಡೆ ಎಂತ ಮಾಡಬೇಕು ಅಂತ ನಾವು ಕಲಿಯಲೇ ಇಲ್ಲ. ಎಕ್ಸ್ + ಲಾಗ್ ಎಕ್ಸ್ = 3. ಇದನ್ನು ನಿಮ್ಮ ಮೂರು ನಿಯಮದಲ್ಲಿ ಬಿಡಿಸಿ.

ಮೇಷ್ಟ್ರು ಬಿಡಿಸಲಿಲ್ಲ; ಅದು ಹಾಗೆ ಬಿಡುವುದಲ್ಲ ಎಂದು ಅವರಿಗೆ ಗೊತ್ತಿತ್ತು. ಅವಳು ಅವರದೇ ಟೇಬಲ್ ಪುಸ್ತಕ ತೆಗೆದುಕೊಂಡಳು. ಎಕ್ಸ್ 2.5 ಎಂದು ಊಹಿಸಿದಳು. ಅದರ ಲಾಗ್ 0.398, ಮೂರರಿಂದ ಕಳೆದರೆ 2.602. ಅದರ ಲಾಗ್ 0.415, ಕಳೆದರೆ 2.585. ಇನ್ನೊಂದು ಸಲ, 2.588. ಮತ್ತೊಂದು ಸಲಕ್ಕೆ 2.587ರಲ್ಲಿ ನಿಂತಿತು. ನಾಲ್ಕು ಹೆಜ್ಜೆ, ಅದೂ ಫೋನಿಲ್ಲದೆ.

ಮೇಷ್ಟ್ರು: ಒಳ್ಳೆಯ ಲೆಕ್ಕ. ಆದರೆ ಇದು ಉತ್ತರದ ಹತ್ತಿರ ಒಯ್ಯುತ್ತದೆ, ಇನ್ನೊಂದು ಮೂಲ ಇಲ್ಲ ಅಂತ ಹೇಳುವುದಿಲ್ಲ. ಅದಕ್ಕೆ ‘ಎಕ್ಸ್ ಏರಿದಂತೆ ಲಾಗ್ ಎಕ್ಸ್ ಕೂಡ ಏರ್ತದೆ’ ಎಂಬ ಅರಿವು ಬೇಕು.

ಎಂಜಿನಿಯರ್: ಆ ಅರಿವು ನಕ್ಷೆಯಿಂದ ಬರ್ತದೆ ಸರ್. ಇಪ್ಪತ್ತು ಲೆಕ್ಕದಿಂದ ಬರುವುದಿಲ್ಲ.

ಕೊನೆಗೆ ಹುಡುಗನ ಪುಸ್ತಕವೇ ಇಬ್ಬರ ಕೈಗೂ ಬಂತು. ಅಲ್ಲಿ ಒಂದು ಸಮೀಕರಣ: ಎಕ್ಸ್‌ನ ಘಾತವಾಗಿ ಲಾಗ್ ಎಕ್ಸ್, ಅದು 100 ಎಕ್ಸ್‌ಗೆ ಸಮ. ಹುಡುಗ ಎರಡೂ ಕಡೆ ಲಾಗ್ ತೆಗೆದುಕೊಂಡಿದ್ದ. ಲಾಗ್ ಎಕ್ಸ್ ಅನ್ನು ಟಿ ಎಂದು ಕರೆದು ಟಿ² = 2 + ಟಿ ಎಂದು ಸರಿಯಾಗಿ ಬರೆದಿದ್ದ. ಟಿ ಎರಡು ಅಥವಾ −1. ಆಮೇಲೆ −1ನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದ. ಉತ್ತರ ಎಂದು 100 ಒಂದನ್ನೇ ಬರೆದಿದ್ದ.

ಆದರೆ ಋಣವಾಗಬಾರದ್ದು ಎಕ್ಸ್. ಲಾಗ್ ಎಕ್ಸ್ ಋಣವಾಗಬಹುದು. ಟಿ −1 ಎಂದರೆ ಎಕ್ಸ್ 0.1. ಹಾಕಿ ನೋಡಿದರೆ 0.1ರ −1 ಘಾತ 10. ಬಲಗಡೆ 100 × 0.1, ಅದೂ 10. ಸಾಚಾ ಮೂಲವನ್ನು ಅವನೇ ಕೈಯಾರೆ ಕಳೆದಿದ್ದ.

ಎಂಜಿನಿಯರ್: ನೋಡಿ ಸರ್. ಋಣ ಕಂಡರೆ ಹೊಡೆ ಅಂತ ಕೈ ಕಲಿತುಬಿಟ್ಟಿದೆ. ಇಪ್ಪತ್ತು ಲೆಕ್ಕ ಕಲಿಸಿದ್ದು ಇದನ್ನು.

ಮೇಷ್ಟ್ರು: ಇಪ್ಪತ್ತೂ ಒಂದೇ ನಮೂನೆ ಆದದ್ದು ತಪ್ಪು. ಇದು ಆ ಪುಸ್ತಕದಲ್ಲಿ ಇದ್ದದ್ದರಿಂದಲೇ ಅವನ ತಪ್ಪು ನಮಗೆ ಕಂಡಿತು. ಫೋನಿಗೆ ಕೊಟ್ಟಿದ್ದರೆ ಎರಡು ಮೂಲ ಬರೆದು ಪೂರ್ಣ ಅಂಕ ತೆಗೆದುಕೊಳ್ಳುತ್ತಿದ್ದ. ತಪ್ಪು ತಿಳಿವಳಿಕೆ ಒಳಗೇ ಉಳಿಯುತ್ತಿತ್ತು. ಸಿಇಟಿಯಲ್ಲಿ, ಜೆಇಇಯಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ ಅನ್ನುವುದೂ ನೆನಪಿರಲಿ.

ಎಂಜಿನಿಯರ್: ಪರೀಕ್ಷೆಯಲ್ಲಿ ಬಿಡುವುದಿಲ್ಲ ಅನ್ನುವುದು ಕಲಿಯಲಿಕ್ಕೆ ಕಾರಣ ಆಗುವುದಿಲ್ಲ ಸರ್. ಮುಂದಿನ ವಾರಕ್ಕೆ ಅವನಿಗೆ ನಾನೂ ಲೆಕ್ಕ ಕೊಡ್ತೇನೆ. ಬ್ಯಾಂಕ್, ಭೂಕಂಪ, ನಕ್ಷೆ. ಫೋನು ಕೈಯಲ್ಲಿರಲಿ.

ಮೇಷ್ಟ್ರು: ಇರಲಿ. ಆದರೆ ಫೋನು ಮುಟ್ಟುವ ಮೊದಲು ಎಕ್ಸ್ ಯಾವ ಬೆಲೆ ತೆಗೆದುಕೊಳ್ಳಬಹುದು ಅಂತ ಮೊದಲ ಸಾಲಿನಲ್ಲಿ ಬರೆಯಬೇಕು. ಪ್ರತಿ ಹೆಜ್ಜೆಯಲ್ಲಿ ಆ ಬೇಲಿ ಹಿಗ್ಗಿತಾ, ಕುಗ್ಗಿತಾ ಅಂತ ಪಕ್ಕದಲ್ಲಿ ಗುರುತು ಹಾಕಬೇಕು. ಮತ್ತೆ ನನ್ನದೊಂದು: ಆಧಾರ 2ರಲ್ಲಿ ಎಕ್ಸ್‌ನ ಲಾಗ್, ಆಧಾರ 4ರಲ್ಲಿ ಎಕ್ಸ್‌ನ ಲಾಗ್, ಕೂಡಿದರೆ 6. ಇದು ಕೈಯಲ್ಲೇ.

ಎಂಜಿನಿಯರ್: ಹದಿನಾರು. ಮನಸ್ಸಿನಲ್ಲೇ ಆಯಿತು. ಆಗಲಿ, ಬರೆಯುತ್ತಾನೆ. ಬದಲಿಗೆ ಪುಸ್ತಕದ ಇಪ್ಪತ್ತರಲ್ಲಿ ಹತ್ತು ಬಿಡಬೇಕು.

ಮೇಷ್ಟ್ರು: ಐದು ಬಿಡ್ತೇನೆ.

ಎಂಜಿನಿಯರ್: ಎಂಟು. ಯಾವ ಎಂಟು ಅಂತ ಅವನೇ ಆರಿಸಲಿ. ಯಾಕೆ ಬಿಟ್ಟೆ ಅಂತ ಒಂದೊಂದಕ್ಕೂ ಒಂದು ಸಾಲು ಬರೆಯಲಿ.